ಎಡಗೈಯ ಬೆಲೆ

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಬೇಸ್‌ಬಾಲ್ ಬಲ್ಲವರು ಕೆಲವು ಸಾಲು ಓದುವಷ್ಟರಲ್ಲಿ ಆಟಗಾರನನ್ನು ಗುರುತಿಸಿಯಾರು, ಗುರುತಿಸಿದರೆ ಅಡ್ಡಿಯಿಲ್ಲ. ಹೆಸರು ಬಿಟ್ಟಿರುವುದು ಗುಟ್ಟು ಕಾಯಲೆಂದಲ್ಲ. ಹೆಸರು ಬಂದೊಡನೆ ನಮ್ಮ ಕಣ್ಣೆಲ್ಲ ಒಬ್ಬನ ಮೇಲೆ ನೆಡುತ್ತದೆ. ಅವನನ್ನು ಬೈದೋ, ಅಯ್ಯೋ ಎಂದು ಮರುಗಿಯೋ ಪುಟ ತಿರುಗಿಸಿಬಿಡುತ್ತೇವೆ. ಇಲ್ಲಿ ತಕ್ಕಡಿಗೆ ಹಾಕಬೇಕಾಗಿರುವುದು ಅವನೊಬ್ಬನನ್ನಲ್ಲ. ಹದಿನಾರು ವರ್ಷಗಳ ಕಾಲ ಅವನ ಸುತ್ತ ನಿಂತು ತೀರ್ಮಾನಗಳನ್ನು ಕೈಗೊಂಡವರನ್ನೂ ಹಾಕಬೇಕು.

ಮೊದಲು ಅವನ ಕೆಲಸ ಏನೆಂದು ತಿಳಿಯಬೇಕು. ಬೇಸ್‌ಬಾಲ್ ಪಂದ್ಯ ಒಂಬತ್ತು ಇನ್ನಿಂಗ್ಸುಗಳದು. ಆರಂಭದಲ್ಲಿ ಚೆಂಡೆಸೆಯಲು ನಿಂತವನು ದಣಿದಾಗ ಅಥವಾ ಎಡವಿದಾಗ ಅವನನ್ನು ಹಿಂದಕ್ಕೆ ಕರೆದು ಇನ್ನೊಬ್ಬನನ್ನು ಇಳಿಸುತ್ತಾರೆ. ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಹೀಗೆ ಇಳಿಯುವವನೇ ರಿಲೀಫ್ ಪಿಚರ್. ನಮ್ಮ ಕ್ರಿಕೆಟ್‌ನಲ್ಲಿ ಕೊನೆಯ ಓವರ್ ಯಾರ ಕೈಗೆ ಕೊಡುವುದೆಂದು ನಾಯಕ ಸುತ್ತ ನೋಡುವ ಹೊತ್ತಿನ ಎದೆಬಡಿತ ಇವನಿಗೆ ದಿನನಿತ್ಯದ್ದು. ಮೈದಾನದ ಅಂಚಿನಲ್ಲಿ ಗಂಟೆಗಟ್ಟಲೆ ಕಾದು ಕೂರುತ್ತಾನೆ. ಫೋನ್ ಬಂದರೆ ಎದ್ದು ತೋಳನ್ನು ಹದಗೊಳಿಸಿಕೊಳ್ಳುತ್ತಾನೆ. ಎಷ್ಟೋ ಸಲ ತೋಳು ಹದವಾದ ಮೇಲೂ ಕರೆ ಬರುವುದಿಲ್ಲ, ಸುಮ್ಮನೆ ಕುಳಿತುಕೊಳ್ಳುತ್ತಾನೆ. ತಂಡ ಅಲ್ಪ ಅಂತರದಿಂದ ಮುಂದಿರುವಾಗ ಬಂದು, ಆ ಮುನ್ನಡೆಯನ್ನು ಕೊನೆಯವರೆಗೂ ಕಾದುಕೊಟ್ಟರೆ ಅವನ ಲೆಕ್ಕಕ್ಕೆ ಒಂದು ‘ಸೇವ್’ ಬರೆದುಕೊಳ್ಳುತ್ತಾರೆ. 1969ರಿಂದ ಇದು ಅಧಿಕೃತ ಲೆಕ್ಕ. ಎಡಗೈಯವನಾದರೆ ಅವನ ಬೆಲೆ ಇನ್ನೂ ಹೆಚ್ಚು. ಎಡಗೈ ಬ್ಯಾಟರ್‌ಗಳಿಗೆ ಎಡಗೈ ಎಸೆತ ಕಷ್ಟ, ಅಂಥ ಎಸೆತಗಾರರು ಸುಲಭವಾಗಿ ಸಿಗುವುದೂ ಇಲ್ಲ. ಈ ಕಥೆಯಲ್ಲಿ ಮುಂದೆ ನಡೆದದ್ದೆಲ್ಲ ಈ ಒಂದು ಸಂಗತಿಯ ಸುತ್ತ ನಡೆದದ್ದು.

ನಮ್ಮ ಪ್ರಕರಣದ ಆಟಗಾರ 1958ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಹುಟ್ಟಿದವನು. ಎಡಗೈ ಎಸೆತಗಾರ. ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿ 1979ರಲ್ಲಿ ಲಾಸ್ ಏಂಜಲಿಸ್‌ನ ತಂಡಕ್ಕೆ ಮೊದಲ ಸುತ್ತಿನಲ್ಲೇ ಆಯ್ಕೆಯಾದ. ಮರುವರ್ಷ 17 ಸೇವ್‌ಗಳೊಂದಿಗೆ ತನ್ನ ಲೀಗಿನ ಶ್ರೇಷ್ಠ ಹೊಸಬ ಎನ್ನಿಸಿಕೊಂಡ. 1981ರ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್ ತಂಡದ ವಿರುದ್ಧ ನಾಲ್ಕನೆಯ ಪಂದ್ಯದ ಗೆಲುವು ಇವನ ಹೆಸರಿಗೆ ಬಂತು. ಆರನೆಯ ಪಂದ್ಯದಲ್ಲಿ ತಂಡ ಚಾಂಪಿಯನ್ ಆದಾಗ ಕೊನೆಯವರೆಗೂ ನಿಂತು ಚೆಂಡೆಸೆದವನೂ ಇವನೇ. ಆಗ ವಯಸ್ಸು ಇಪ್ಪತ್ತಮೂರು. 1982ರಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ.

ಅದೇ ವರ್ಷದ ಆಟ ಮುಗಿದ ಮೇಲೆ ಆತ ಕೊಕೇನ್ ಚಟದ ಚಿಕಿತ್ಸೆಗೆ ಅರಿಝೋನಾದ ಒಂದು ಕೇಂದ್ರ ಸೇರಿದ. 1983ರ ಮೇ ತಿಂಗಳಲ್ಲಿ ಮತ್ತೆ ಚಿಕಿತ್ಸೆಗೆ ಹೋಗಬೇಕಾಯಿತು. ಹಿಂದಿರುಗಿದಾಗ ತಂಡ ಅವನಿಗೆ ಒಂದು ತಿಂಗಳ ಸಂಬಳದ ದಂಡ ಹಾಕಿತು. ಸುಮಾರು 54 ಸಾವಿರ ಡಾಲರ್, ಆ ಕಾಲಕ್ಕೆ ದಾಖಲೆಯ ಮೊತ್ತ. ದಂಡ ತೆತ್ತವನು ಮತ್ತೆ ಚೆಂಡೆಸೆದ, ಅದೂ ಅದ್ಭುತವಾಗಿ. ಆ ವರ್ಷ ಒಂಬತ್ತು ಇನ್ನಿಂಗ್ಸಿಗೆ ಅವನು ಎದುರಾಳಿಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ 1.44. ಆದರೆ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾಕ್ಕೆ ತಂಡ ಹೊರಟ ವಿಮಾನಕ್ಕೆ ಬರಲಿಲ್ಲ. ಮಾದಕವಸ್ತು ಪರೀಕ್ಷೆಗೆ ಒಪ್ಪಲೂ ಇಲ್ಲ. ಉಳಿದ ಪಂದ್ಯಗಳಿಂದ ತಂಡ ಅವನನ್ನು ಅಮಾನತು ಮಾಡಿತು. ಡಿಸೆಂಬರ್‌ನಲ್ಲಿ ಲೀಗಿನ ಆಯುಕ್ತರು ಇಡೀ ಒಂದು ವರ್ಷ ಹೊರಗಿಟ್ಟರು. 1984ರಲ್ಲಿ ಆತ ಮೈದಾನ ಕಾಣಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಟ ಒಂದು ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ, ಅದನ್ನು ಒಪ್ಪಲೇಬೇಕು. ಇಪ್ಪತ್ತೈದರ ಹುಡುಗನೊಬ್ಬ ಸ್ವಂತ ಕಾಲ ಮೇಲೆ ನಡೆದು ಹೋಗಿ ಚಿಕಿತ್ಸೆಗೆ ಸೇರಿದ್ದನ್ನು ಅಲ್ಲಗಳೆಯಬಾರದು. ಆದರೆ ಪರೀಕ್ಷೆಗೆ ಒಲ್ಲೆ ಎಂದದ್ದು ಕಾಯಿಲೆಯ ಲಕ್ಷಣ ಮಾತ್ರವಲ್ಲ, ಅದು ಅವನು ತೆಗೆದುಕೊಂಡ ತೀರ್ಮಾನ. ರೋಗಿಗೆ ರೋಗ ಬಂದದ್ದರ ಹೊಣೆ ಇಲ್ಲದಿರಬಹುದು, ಔಷಧಿಯ ಹೊಣೆ ಇದೆ. ಆ ಹೊಣೆಯನ್ನು ಅವನು ಪದೇಪದೇ ಕಳಚಿಟ್ಟ. ಅವನ ಪರವಾಗಿ ಎಷ್ಟು ಮಾತಾಡಿದರೂ ಈ ಮಾತನ್ನು ಹಿಂದಕ್ಕೆ ಪಡೆಯಲಾಗದು.

ಅವನನ್ನು ಆಳುತ್ತಿದ್ದ ನಿಯಮಗಳ ಸ್ಥಿತಿ ಹೇಗಿತ್ತೆಂದರೆ, ನಿಯಮವೇ ಇರಲಿಲ್ಲ ಎನ್ನಬೇಕು. ಮಾದಕವಸ್ತುಗಳ ವಿಚಾರದಲ್ಲಿ ತಂಡದ ಮಾಲೀಕರೂ ಆಟಗಾರರ ಸಂಘವೂ 1984ರಲ್ಲಿ ಒಂದು ಜಂಟಿ ಒಪ್ಪಂದಕ್ಕೆ ಬಂದಿದ್ದರು. 1985ರಲ್ಲಿ ಮಾಲೀಕರು ಅದರಿಂದ ಹೊರನಡೆದರು. ಅದೇ ವರ್ಷ ಪಿಟ್ಸ್‌ಬರ್ಗ್‌ನ ನ್ಯಾಯಾಲಯದಲ್ಲಿ ಮಾದಕವಸ್ತು ಮಾರಾಟಗಾರರ ವಿಚಾರಣೆ ನಡೆದಾಗ, ಹಲವು ಹೆಸರಾಂತ ಆಟಗಾರರು ಶಿಕ್ಷೆಯಿಂದ ವಿನಾಯಿತಿ ಪಡೆದು ಸಾಕ್ಷಿ ಹೇಳಿದ್ದರು. ಚಟ ಒಬ್ಬನದಲ್ಲ, ಆಟದ ತುಂಬ ಹಬ್ಬಿದೆ ಎಂದು ದೇಶಕ್ಕೆಲ್ಲ ಗೊತ್ತಾಗಿತ್ತು. ಇಷ್ಟಾದರೂ ಇಂಥ ತಪ್ಪಿಗೆ ಇಂಥ ಶಿಕ್ಷೆ, ಇಂಥ ಸ್ಥಿತಿಗೆ ಇಂಥ ಚಿಕಿತ್ಸೆ ಎಂದು ಎರಡೂ ಕಡೆಯವರು ಒಪ್ಪಿ ಬರೆದ ಕಟ್ಟಳೆ ಉಳಿಯಲಿಲ್ಲ. ಪ್ರತಿ ಪ್ರಕರಣವೂ ಆಯಾ ಕಾಲದ ಆಯುಕ್ತರ ಮನಸ್ಸಿಗೆ ಮತ್ತು ಆಯಾ ತಂಡದ ಅಗತ್ಯಕ್ಕೆ ಬಿದ್ದುಕೊಂಡಿತು.

ಅಗತ್ಯ ಏನೆಂಬುದು ಬೇಗನೆ ಕಂಡಿತು. 1985ರ ಜುಲೈನಲ್ಲಿ ಲಾಸ್ ಏಂಜಲಿಸ್ ತಂಡ ಅವನನ್ನು ಬಿಟ್ಟಿತು. ಒಂದೆರಡು ತಿಂಗಳೊಳಗೆ ಮಿನೆಸೋಟದ ತಂಡ ಎತ್ತಿಕೊಂಡಿತು, ಸೆಪ್ಟೆಂಬರ್‌ನಲ್ಲಿ ಅದೂ ಬಿಟ್ಟಿತು. 1986ರಲ್ಲಿ ಕ್ಯಾಲಿಫೋರ್ನಿಯಾದ ಕೆಳದರ್ಜೆಯ ಲೀಗಿನಲ್ಲಿ ಆಡಿದ, ಅಲ್ಲೂ ಅಮಾನತಾದ. 1987ರಲ್ಲಿ ಟೆಕ್ಸಸ್‌ನ ತಂಡವೊಂದು ಒಪ್ಪಂದ ಮಾಡಿಕೊಂಡಿತು. ಮೊದಲು ಅರವತ್ತು ದಿನ ಮೈನರ್ ಲೀಗಿನಲ್ಲಿ ಆಡಬೇಕು, ಆಮೇಲಷ್ಟೇ ಮೇಲಕ್ಕೆ ಎಂಬುದು ಆಯುಕ್ತರ ಷರತ್ತು. ಅರವತ್ತು ದಿನ ತುಂಬುವ ಮೊದಲೇ ತಂಡ ಅವನನ್ನು ಮೇಲಕ್ಕೆ ತಂದಿತು. ಆಯುಕ್ತರು ತಂಡಕ್ಕೆ ಎರಡೂವರೆ ಲಕ್ಷ ಡಾಲರ್ ದಂಡ ವಿಧಿಸಿದರು. ತಂಡ ಕಟ್ಟಿತು. ಅವನು ಆಡಿದ. 1988ರ ಜನವರಿಯಲ್ಲಿ ಮದ್ಯದ ಕಾರಣಕ್ಕೆ ಅದೇ ತಂಡ ಅವನನ್ನು ಕೈಬಿಟ್ಟಿತು.

ಆ ಅರವತ್ತು ದಿನ ಶಿಕ್ಷೆಯಾಗಿರಲಿಲ್ಲ. ಚಟದಿಂದ ಹೊರಬರುತ್ತಿರುವವನು ದೊಡ್ಡ ಮೈದಾನದ ಒತ್ತಡಕ್ಕೆ ಬೀಳುವ ಮುನ್ನ ಅವನ ಕಾಲು ಗಟ್ಟಿಯಾಗಿದೆಯೇ ಎಂದು ನೋಡುವ ಅವಧಿ ಅದು. ಮುರಿದ ಕಟ್ಟಳೆಗೆ ತಂಡ ಹಣ ತೆತ್ತಿತು. ಅವಸರದ ಫಲವನ್ನು ಉಂಡವನು ಮಾತ್ರ ಆಟಗಾರ. ದಂಡವನ್ನು ಮಾಮೂಲು ಖರ್ಚೆಂದು ಬಗೆದು ಕಟ್ಟಿಬಿಡುವ ಶಕ್ತಿ ಇರುವವರ ಮುಂದೆ ಯಾವ ನಿಯಮವೂ ತಡೆಗೋಡೆಯಾಗಿ ನಿಲ್ಲುವುದಿಲ್ಲ.

ಎರಡು ವರ್ಷ ಅವನು ಹೊರಗಿದ್ದ. 1989ರಲ್ಲಿ ತನ್ನ ಚಟದ ಕಥೆಯನ್ನು ಪುಸ್ತಕವಾಗಿ ಹೊರತಂದ. 1990ರಲ್ಲಿ ಹೊಸ ಆಯುಕ್ತರು ಮತ್ತೆ ಬಾಗಿಲು ತೆರೆದರು. ಮೊದಲು ಒಂದು ವರ್ಷ ಮೈನರ್ ಲೀಗ್, ಆಮೇಲೆ ನೋಡೋಣ ಎಂಬ ಷರತ್ತು. ಆಗ ಲೀಗಿನ ಕಚೇರಿಯೇ ಕೇಳಿ ಪಡೆದ ವೈದ್ಯಕೀಯ ಸಲಹೆಯೊಂದಿತ್ತು: ಇವನನ್ನು ಆಡಲು ಬಿಡುವುದಾದರೆ ದಿನ ಬಿಟ್ಟು ದಿನ, ವರ್ಷವಿಡೀ, ತಪ್ಪದೆ ಪರೀಕ್ಷೆ ಮಾಡಿಸಬೇಕು. ಇವನ ಚಟದ ಇತಿಹಾಸ ಬಲ್ಲ ವೈದ್ಯರ ಮಾತದು. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಇಡೀ ಪ್ರಕರಣದಲ್ಲಿ ಒಬ್ಬರು ಅವನ ತೋಳನ್ನು ಬಿಟ್ಟು ಅವನ ಬಗ್ಗೆ ಯೋಚಿಸಿ ಬರೆದದ್ದು ಈ ಸಲಹೆಯಲ್ಲಿದೆ.

1991ರಲ್ಲಿ ನ್ಯೂಯಾರ್ಕ್‌ನ ತಂಡದ ಅಭ್ಯಾಸ ಶಿಬಿರಕ್ಕೆ ಹೋಗಿ ಅವಕಾಶ ಕೇಳಿದ. ಎಸೆತ ಇನ್ನೂ ಚುರುಕಾಗಿತ್ತು. ತಂಡ ಸೇರಿಸಿಕೊಂಡಿತು. 37 ಪಂದ್ಯ, 1.68ರ ಸರಾಸರಿ. ಆ ಡಿಸೆಂಬರ್ 19ರಂದು, ಮೊಂಟಾನಾ ರಾಜ್ಯದ ಕಾಲಿಸ್ಪೆಲ್‌ನಲ್ಲಿ ಕೊಕೇನ್ ಕೊಳ್ಳಲು ಹೋಗಿ ಬಂಧನಕ್ಕೊಳಗಾದ. ಆರೋಪವನ್ನು 1992ರ ಜೂನ್‌ನಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಅದೇ ತಿಂಗಳು ಆಯುಕ್ತರು ಅವನನ್ನು ಆಟದಿಂದ ಶಾಶ್ವತವಾಗಿ ನಿಷೇಧಿಸಿದರು. ಏಳನೆಯ ಅಮಾನತು ಎಂದು ಪತ್ರಿಕೆಗಳು ಲೆಕ್ಕ ಹಾಕಿದವು.

ಆಯುಕ್ತರ ಸ್ಥಾನದಲ್ಲಿ ನಾವಿದ್ದಿದ್ದರೆ ಬೇರೇನು ಮಾಡುತ್ತಿದ್ದೆವು? ಪ್ರಶ್ನೆ ಹಗುರದ್ದಲ್ಲ. ತಪ್ಪಿಗೆ ಕೊನೆಯೊಂದಿರಬೇಕು ಎಂದು ಆ ಕುರ್ಚಿಯಲ್ಲಿ ಕುಳಿತ ಯಾರಿಗಾದರೂ ಅನ್ನಿಸುತ್ತಿತ್ತು. ಆದರೆ ಆಯುಕ್ತರ ಮುಂದಿನ ಹೆಜ್ಜೆ ಅವರ ಕೈಯನ್ನು ದುರ್ಬಲಗೊಳಿಸಿತು. ಆಟಗಾರರ ಸಂಘ ಮೇಲ್ಮನವಿ ಸಲ್ಲಿಸಿ, ವಿಚಾರಣೆ ನಡೆದಾಗ ನ್ಯೂಯಾರ್ಕ್ ತಂಡದ ಮೂವರು ಆಟಗಾರನ ಪರವಾಗಿ ಸಾಕ್ಷಿ ಹೇಳಿದರು. ಒಬ್ಬರು ತಂಡದ ತರಬೇತುದಾರರು, ಒಬ್ಬರು ಆಡಳಿತ ನೋಡಿಕೊಳ್ಳುವವರು. ಮೂರನೆಯವರು ತಂಡಕ್ಕೆ ಬರುವ ಮುನ್ನ ದೇಶದ ಮಾದಕವಸ್ತು ನಿಗ್ರಹ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಮಾದಕವಸ್ತುಗಳ ವಿಷಯದಲ್ಲಿ ಮೃದು ಎಂದು ಅವರನ್ನು ಯಾರೂ ದೂರಲಾರರು. ಆಜೀವ ನಿಷೇಧ ಅತಿಯಾಯಿತೆಂಬುದು ಅವರ ಅಭಿಪ್ರಾಯ. ಆಯುಕ್ತರು ಮೂವರನ್ನೂ ತಮ್ಮ ಕಚೇರಿಗೆ ಕರೆಸಿ, ಹೀಗೆ ಸಾಕ್ಷಿ ಹೇಳಿ ನೀವು ಆಟಕ್ಕೇ ರಾಜೀನಾಮೆ ಕೊಟ್ಟಂತಾಯಿತು ಎಂಬ ಅರ್ಥದ ಮಾತಾಡಿದರು. ಪ್ರಮಾಣ ಮಾಡಿ ನಿಜ ಹೇಳಿದವರನ್ನು ಬೆದರಿಸುವುದು ಎಷ್ಟು ಒಳ್ಳೆಯ ಉದ್ದೇಶಕ್ಕಾದರೂ ಸಲ್ಲದು. ಶಿಸ್ತಿಗಾಗಿ ಹೋರಾಡುತ್ತಿದ್ದೇನೆಂದು ನಂಬಿದವರು ತಮ್ಮ ಶಿಸ್ತನ್ನು ಮರೆಯುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಸೆಪ್ಟೆಂಬರ್‌ನಲ್ಲಿ ಮಾಲೀಕರು ಅವಿಶ್ವಾಸ ಸೂಚಿಸಿದ ಮೇಲೆ ಆಯುಕ್ತರು ರಾಜೀನಾಮೆ ಕೊಟ್ಟರು. ಅದಕ್ಕೆ ಬೇರೆ ಕಾರಣಗಳೇ ಹೆಚ್ಚಿದ್ದವು, ಅದನ್ನೆಲ್ಲ ಈ ಪ್ರಕರಣದ ತಲೆಗೆ ಕಟ್ಟುವುದು ನ್ಯಾಯವಲ್ಲ.

ನವೆಂಬರ್‌ನಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು. ಆಟಗಾರನಿಗೆ ಬಾಲ್ಯದಿಂದಲೂ ಗಮನ ನಿಲ್ಲದ, ಆವೇಗ ತಡೆಯಲಾಗದ ಒಂದು ಮನೋದೋಷವಿತ್ತೆಂದೂ ಅದಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲವೆಂದೂ ವೈದ್ಯಕೀಯ ಸಾಕ್ಷ್ಯ ಬಂದಿತ್ತು. ಅದಕ್ಕಿಂತ ಭಾರವಾದದ್ದು ಇನ್ನೊಂದು. 1990ರಲ್ಲಿ ವೈದ್ಯರು ಕೊಟ್ಟ ಆ ಸಲಹೆ, ದಿನ ಬಿಟ್ಟು ದಿನ, ವರ್ಷವಿಡೀ ಪರೀಕ್ಷೆ ಎಂಬುದು, ಜಾರಿಯಾಗಿರಲೇ ಇಲ್ಲ. ಅನಿವಾರ್ಯವೆಂದು ತಾನೇ ಕೇಳಿ ಪಡೆದ ಕಾವಲನ್ನು ಹಾಕದೆ, ಅವನು ಬಿದ್ದಾಗ ಆಜೀವ ನಿಷೇಧ ಹೇರುವುದು ಆ ಕಚೇರಿಗೆ ಶೋಭಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ಆಗಲೇ ಕಳೆದಿದ್ದ 119 ದಿನಗಳನ್ನೇ ಶಿಕ್ಷೆಯೆಂದು ಎಣಿಸಿ ಅವನನ್ನು ಮರಳಿ ಕಳಿಸಲಾಯಿತು.

ತೀರ್ಪು ಬಂದಾಗ ಹಲವರು ಸಿಟ್ಟಾದರು. ಏಳು ಸಲ ಬಿದ್ದವನಿಗೆ ಎಂಟನೆಯ ಬಾಗಿಲೇ ಎಂದರು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ತೀರ್ಪಿನಲ್ಲೂ ನ್ಯಾಯವಿತ್ತು, ಅದನ್ನು ಓದುವ ತಾಳ್ಮೆ ಸಿಟ್ಟಿಗಿರಲಿಲ್ಲ. ಮಧ್ಯಸ್ಥಗಾರರು ಅವನನ್ನು ನಿರಪರಾಧಿ ಎನ್ನಲಿಲ್ಲ. ಶಿಕ್ಷಿಸುವವನೂ ತನ್ನ ಕರ್ತವ್ಯ ಮಾಡಿರಬೇಕು ಎಂದರು, ಅಷ್ಟೇ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1994ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆತ ನ್ಯೂಯಾರ್ಕ್ ತಂಡಕ್ಕೆ 15 ಸೇವ್ ತಂದುಕೊಟ್ಟ, ಸರಾಸರಿ 1.80. ಮರುವರ್ಷ ತೋಳು ಸೋಲತೊಡಗಿತು. 1996ರಲ್ಲಿ ಸರಾಸರಿ 6.35ಕ್ಕೆ ಏರಿದಾಗ, ಜೂನ್‌ನಲ್ಲಿ ತಂಡ ಅವನನ್ನು ಬಿಟ್ಟಿತು. ಎರಡು ದಿನಗಳಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅವನ ಪೆಟ್ಟಿಗೆಯಲ್ಲಿ ಗುಂಡು ತುಂಬಿದ ಪಿಸ್ತೂಲು ಸಿಕ್ಕಿತು. 1997ರಲ್ಲಿ ಸ್ವತಂತ್ರ ಲೀಗಿನ ಸಣ್ಣ ತಂಡವೊಂದರಲ್ಲಿ ಕೊಂಚ ಆಡಿದ, ಅದೇ ವರ್ಷ ಮೋಟರ್‌ಸೈಕಲ್ ಅಪಘಾತದಲ್ಲಿ ಸಾವಿನ ಬಾಗಿಲವರೆಗೆ ಹೋಗಿ ಬಂದ. 2006ರ ಏಪ್ರಿಲ್ 28ರ ಮುಂಜಾವ, ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಬಳಿ ಅವನು ಓಡಿಸುತ್ತಿದ್ದ ಪಿಕಪ್ ಟ್ರಕ್ಕು ರಸ್ತೆ ಬಿಟ್ಟು ಉರುಳಿತು. ಸತ್ತಾಗ ನಲವತ್ತೆಂಟು ವರ್ಷ. ರಕ್ತದಲ್ಲಿ ಮೆಥಾಂಫೆಟಮೈನ್ ಇತ್ತೆಂದು ಪರೀಕ್ಷೆ ಹೇಳಿತು. ಹೆಂಡತಿ, ಮಕ್ಕಳು ಉಳಿದರು.

ಒಟ್ಟು 497 ಪಂದ್ಯ, 91 ಸೇವ್, 47 ಗೆಲುವು. ಕಳೆದುಹೋದ ವರ್ಷಗಳನ್ನು ಗಮನಿಸಿದರೆ ಈ ಅಂಕಿಗಳು ಚಿಕ್ಕವಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸುವುದು ಇನ್ನೊಂದು ಲೆಕ್ಕ. ಅವನನ್ನು ಒಳಗೆ ಕರೆದುಕೊಂಡ ತೀರ್ಮಾನಗಳನ್ನೂ ಆ ಹೊತ್ತಿನ ಅವನ ಎಸೆತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತೋಳು ಚುರುಕಾಗಿದ್ದಷ್ಟು ದಿನ ಯಾವುದೋ ತಂಡ ಎರಡನೆಯ ಅವಕಾಶದ ಮಹತ್ವದ ಬಗ್ಗೆ ಮಾತಾಡಿತು, ಮೂರನೆಯದರ ಬಗ್ಗೆ, ಆರನೆಯದರ ಬಗ್ಗೆಯೂ ಮಾತಾಡಿತು. 1996ರ ಜೂನ್‌ನಲ್ಲಿ ಅವನು ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿರಲಿಲ್ಲ. ತೋಳು ಸೋತಿತ್ತು. ಅಲ್ಲಿಗೆ ಬಾಗಿಲು ಮುಚ್ಚಿತು, ಮತ್ತೆ ಯಾವ ದೊಡ್ಡ ತಂಡವೂ ತೆರೆಯಲಿಲ್ಲ. ಹಾಗಾದರೆ ಇಷ್ಟು ವರ್ಷ ಅವನಿಗೆ ಸಿಕ್ಕಿದ್ದನ್ನು ಕ್ಷಮೆ ಎಂದು ಕರೆಯಬಹುದೇ? ಕ್ಷಮೆ ಮನುಷ್ಯನನ್ನು ನೋಡುತ್ತದೆ, ಇಲ್ಲಿ ನೋಡಿದ್ದು ಅವನ ಎಡಗೈಯನ್ನು. ಅವನ ಪರವಾಗಿ ನಿಂತವರಲ್ಲಿ ನಿಜವಾದ ಮರುಕವಿದ್ದವರೂ ಇದ್ದರು, ಸಾಕ್ಷಿ ಹೇಳಿದ ಮೂವರನ್ನು ನಾನು ಅನುಮಾನಿಸುವುದಿಲ್ಲ. ಆದರೂ ಆ ಮರುಕಕ್ಕೆ ದಾರಿ ಮಾಡಿಕೊಟ್ಟದ್ದು ಅಗತ್ಯ.

ಆಗ ಒಂದು ತಂಡದ ಪಟ್ಟಿಯಲ್ಲಿ ಇಪ್ಪತ್ತೈದು ಜನರಿಗೆ ಮಾತ್ರ ಜಾಗ. ಅವನಿಗೆ ಒಂದು ಜಾಗ ಕೊಟ್ಟಾಗಲೆಲ್ಲ ಮೈನರ್ ಲೀಗಿನಲ್ಲಿ ಸರಿಯಾಗಿ ನಡೆದುಕೊಂಡು, ಹೇಳಿದ ಹೊತ್ತಿಗೆ ಬಸ್ ಹತ್ತಿ, ಕೇಳಿದಾಗ ಪರೀಕ್ಷೆಗೆ ಒಡ್ಡಿಕೊಂಡು ಕಾಯುತ್ತಿದ್ದ ಇನ್ನೊಬ್ಬ ಅಲ್ಲೇ ಉಳಿದ. ಅವನ ತೋಳು ಇಷ್ಟು ಚುರುಕಿರಲಿಲ್ಲ, ಅದೊಂದೇ ಕಾರಣ. ಅವನ ಬಗ್ಗೆ ಯಾರೂ ಬರೆಯಲಿಲ್ಲ. ಕರುಣೆಯ ಮಾತಾಡುವಾಗ ನಾವು ಸಾಮಾನ್ಯವಾಗಿ ಮರೆಯುವುದು ಇವನನ್ನೇ. ಕಚೇರಿಯಲ್ಲಿ, ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ, ಸಂಗೀತ ಸಭೆಯಲ್ಲಿ ಒಬ್ಬ ಪ್ರತಿಭಾವಂತನ ತಪ್ಪಿಗೆ ಪರದೆ ಎಳೆಯುವಾಗ, ತಪ್ಪು ಮಾಡದೆ ಸರದಿಯಲ್ಲಿ ನಿಂತವನ ಪಾಲಿನಿಂದ ಏನನ್ನೋ ಕಿತ್ತು ಕೊಡುತ್ತಿರುತ್ತೇವೆ. ಕೊಡುವವರು ಉದಾರಿಗಳೆನ್ನಿಸಿಕೊಳ್ಳುತ್ತಾರೆ, ಖರ್ಚು ಬೀಳುವುದು ಇನ್ನೊಬ್ಬರ ಮೇಲೆ.

ಹಾಗೆಂದು ಮೊದಲ ತಪ್ಪಿಗೇ ಬಾಗಿಲು ಮುಚ್ಚಬೇಕಿತ್ತೆಂದು ನಾನು ಹೇಳಲಾರೆ. ಚಟ ಹಿಡಿದವನು ಒಂದೇ ಏಟಿಗೆ ಸುಧಾರಿಸುವುದು ಅಪರೂಪ. ಬೀಳುವುದು, ಏಳುವುದು ಆ ಕಾಯಿಲೆಯ ದಾರಿಯೇ. ಕುಟುಂಬದಲ್ಲಿ ಕುಡಿತಕ್ಕೆ ಬಿದ್ದ ಅಣ್ಣನನ್ನೋ ಗಂಡನನ್ನೋ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಷ್ಟು ಸಲ ಕ್ಷಮಿಸಬೇಕು ಎಂದು ಲೆಕ್ಕ ಹಾಕುವುದರಲ್ಲಿ ಈ ಪ್ರಕರಣದ ತಪ್ಪು ಇಲ್ಲ. ಪ್ರತಿ ಕ್ಷಮೆಯ ಜೊತೆ ಬರಬೇಕಿದ್ದ ಕಾವಲನ್ನು ಯಾರೂ ಹೊರಲಿಲ್ಲ, ತಪ್ಪು ಅಲ್ಲಿದೆ. ಅಮಾನತು ಮಾಡುವುದು ಒಂದು ಸಹಿಯ ಕೆಲಸ, ಮನ್ನಿಸುವುದೂ ಒಂದು ಸಹಿಯ ಕೆಲಸ. ಎರಡೂ ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಸಹಿ ಹಾಕಿದವರು ಒಮ್ಮೆ ಕಠೋರರಾಗಿ, ಒಮ್ಮೆ ದಯಾಳುಗಳಾಗಿ ಕಾಣಿಸುತ್ತಾರೆ. ದಿನ ಬಿಟ್ಟು ದಿನ ಮೂತ್ರದ ಮಾದರಿ ತೆಗೆದುಕೊಂಡು ಹೋಗುವ ಕೆಲಸದಲ್ಲಿ ಈ ಮರ್ಯಾದೆ ಇಲ್ಲ. ಅದು ಬೇಸರದ್ದು, ಯಾರಿಗೂ ಕಾಣದ್ದು, ಇಬ್ಬರಿಗೂ ಮುಜುಗರದ್ದು. ಮನೆಗಳಲ್ಲೂ ಇದೇ ನಡೆಯುತ್ತದೆ. ಒಂದು ರಾತ್ರಿ ಕೂಗಾಡಿ ಹೊರಗೆ ಹಾಕುತ್ತೇವೆ, ಹಬ್ಬದ ದಿನ ಕಣ್ಣೀರಿಟ್ಟು ಒಳಗೆ ಕರೆಯುತ್ತೇವೆ. ಇವೆರಡರ ನಡುವಿನ ಮಾಮೂಲಿ ಮಂಗಳವಾರಗಳಲ್ಲಿ ಜೊತೆಗೆ ಹೋಗಿ ಚಿಕಿತ್ಸೆಗೆ ಕೂರಿಸಿ ಬರಲು ಯಾರಿಗೂ ಬಿಡುವಿರುವುದಿಲ್ಲ.

ಅವನು ಕಾಲಿಸ್ಪೆಲ್‌ನಲ್ಲಿ ಬಂಧನಕ್ಕೊಳಗಾದದ್ದು ಡಿಸೆಂಬರ್‌ನಲ್ಲಿ. ಆಟದ ಋತು ಮುಗಿದಿತ್ತು, ಮೈದಾನಗಳು ಖಾಲಿಯಿದ್ದವು, ವಸಂತದವರೆಗೆ ಅವನ ತೋಳು ಯಾರಿಗೂ ಬೇಕಿರಲಿಲ್ಲ. ವರ್ಷವಿಡೀ ಎಂದು ವೈದ್ಯರು ಹೇಳಿದ್ದು ಇಂಥ ತಿಂಗಳುಗಳಿಗಾಗಿಯೇ.

ಇಂದು ಆ ಲೀಗಿನಲ್ಲಿ ಮಾಲೀಕರೂ ಆಟಗಾರರ ಸಂಘವೂ ಸೇರಿ ಒಪ್ಪಿದ ಕಟ್ಟಳೆಗಳಿವೆ. ಇಂಥ ಚಟಕ್ಕೆ ಬಿದ್ದವನ ಚಿಕಿತ್ಸೆಯನ್ನು ಎರಡೂ ಕಡೆಯ ವೈದ್ಯರಿರುವ ಮಂಡಳಿ ನಿರ್ಧರಿಸುತ್ತದೆ. ಅವನ ಎಡಗೈ ಬೇಕಾದ ತಂಡ ಒಂದೇ ಕುಳಿತು ನಿರ್ಧರಿಸುವುದಿಲ್ಲ. ಅಂಥದೊಂದು ಅವನ ಕಾಲಕ್ಕೆ ಇದ್ದಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಆಣೆಯಿಟ್ಟು ಹೇಳಲಾರೆ. ಪರೀಕ್ಷೆಗೆ ಒಲ್ಲೆ ಎಂದವನು ಅವನು, ಪೆಟ್ಟಿಗೆಯಲ್ಲಿ ಪಿಸ್ತೂಲಿಟ್ಟವನು ಅವನು, ಕೊನೆಯ ಮುಂಜಾವ ಆ ಸ್ಥಿತಿಯಲ್ಲಿ ಗಾಡಿ ಓಡಿಸಿದವನೂ ಅವನೇ. ಆದರೆ 1990ರಲ್ಲಿ ವೈದ್ಯರ ಸಲಹೆಯನ್ನು ಪಾಲಿಸಲು ಯಾವ ಹೊಸ ಒಪ್ಪಂದವೂ ಬೇಕಿರಲಿಲ್ಲ. ಬೇಕಿದ್ದುದು ಒಬ್ಬ ಸಿಬ್ಬಂದಿ, ಒಂದು ಪ್ರಯೋಗಾಲಯ, ಮತ್ತು ಡಿಸೆಂಬರ್‌ನ ಚಳಿಯಲ್ಲೂ ಮೊಂಟಾನಾಕ್ಕೆ ಹೋಗಿ ಬರುವ ಖರ್ಚು. ಒಂದು ತಂಡದಿಂದ ಎರಡೂವರೆ ಲಕ್ಷ ಡಾಲರ್ ದಂಡ ವಸೂಲಿ ಮಾಡಬಲ್ಲ ಕಚೇರಿಗೆ ಅದು ಭಾರವಾಗುತ್ತಿರಲಿಲ್ಲ.